‘ಸಿದ್ಧ’ ಎಂದರೆ ಓದಬಹುದೋ, ಓದಾಯಿತೋ?

ಪ್ರಶ್ನೆ: ಲಿನಕ್ಸ್‌ನ ಇ-ಪೋಲ್, ವಿಂಡೋಸ್‌ನ ಐಒಸಿಪಿ (ಎರಡೂ ಓದು-ಬರಹದ ಸುದ್ದಿಯನ್ನು ಪ್ರೋಗ್ರಾಮಿಗೆ ಮುಟ್ಟಿಸುವ ವ್ಯವಸ್ಥೆಗಳು) ಎರಡರ ಮೇಲೂ ಓಡುವ ಲೈಬ್ರರಿಯ ಕೈಪಿಡಿ ಕನ್ನಡಕ್ಕೆ ಬರುತ್ತಿದೆ. ಎರಡೂ ಕಡೆಯ ಸೂಚನೆಗೆ ‘ದತ್ತಾಂಶ ಸಿದ್ಧವಾಗಿದೆ’ ಎಂದೇ ಬರೆದರೆ ಆದೀತೆ? ಅಸಿಂಕ್ರೊನಸ್‌ಗೆ (ಕೆಲಸ ಒಪ್ಪಿಸಿ, ಮುಗಿಯುವವರೆಗೆ ಕಾಯದೆ ಮುಂದುವರಿಯುವ ರೀತಿಗೆ) ‘ತಡೆಯದ’ ಎಂದರೆ?

ಉತ್ತರ: ಆಗದು. ತೊಡಕು ‘ಸಿದ್ಧ’ದಲ್ಲೇ ಇದೆ. ‘ಹೊರಡಲು ಸಿದ್ಧ’ ಎಂದಾಗ ಕೆಲಸ ಇನ್ನೂ ಶುರುವಾಗಬೇಕು. ‘ಸಿದ್ಧ ಉಡುಪು’ ಎಂದಾಗ ಹೊಲಿಗೆ ಮುಗಿದಿದೆ. ಕೈಪಿಡಿ ಬಿಡಿಸಿ ಹೇಳಬೇಕಾದ್ದೂ ಇದನ್ನೇ. ಇ-ಪೋಲ್, ಬಿಎಸ್‌ಡಿ ಮತ್ತು ಮ್ಯಾಕ್‌ನ ಕೆ-ಕ್ಯೂ ‘ಈಗ ಓದಬಹುದು’ ಎನ್ನುತ್ತವೆ, ಓದುವುದು ನಮ್ಮ ಪಾಲು. ಐಒಸಿಪಿ, ಹಾಗೂ 2019ರಲ್ಲಿ ಲಿನಕ್ಸ್ 5.1ರೊಂದಿಗೆ ಬಂದ ಐಒ-ಯುರಿಂಗ್ ‘ಓದಾಯಿತು, ಇಷ್ಟು ಬೈಟ್ ಬಂತು’ ಎನ್ನುತ್ತವೆ.

ಮಂಡ್ಯ ಕಡೆಯ ರಾಗಿ ಮಿಲ್ಲಿನಲ್ಲಿ ‘ಮಿಷಿನ್ ಖಾಲಿ ಅದೆ, ತಕಬನ್ನಿ’ ಎನ್ನುವುದೇ ಬೇರೆ, ‘ಬೀಸಾಯ್ತು, ತಗಂಡೋಗಿ’ ಎನ್ನುವುದೇ ಬೇರೆ. ಡಬ್ಬ ಬಿಟ್ಟು ಬಂದ ಮೇಲೆ ಬೀಸಾಗುವ ತನಕ ಅದು ಮಿಲ್ಲಿನವರ ಕೈಲಿ. ಓದಿದ್ದನ್ನು ತುಂಬಿಕೊಳ್ಳುವ ಮೆಮೊರಿ ಜಾಗವಾದ ಬಫರ್ ಕತೆಯೂ ಅದೇ: ಐಒಸಿಪಿಯಲ್ಲಿ ಕೋರಿಕೆ ಸಲ್ಲಿಸಿದ ಗಳಿಗೆಯಿಂದ ಮುಗಿದ ಸೂಚನೆ ಬರುವವರೆಗೆ ಬಫರ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನೆಲ್‌ನದು. ಇ-ಪೋಲ್‌ನಲ್ಲಿ, ಓದುವ ಹೊತ್ತಿಗೆ ಡಬ್ಬ ಹುಡುಕಿದರೆ ಸಾಕು.

ಕನ್ನಡದ ಕ್ರಿಯಾಪದದಲ್ಲೇ ಈ ಜೋಡಿ ಇರುವಾಗ ಸಂಸ್ಕೃತದ ಕದ ಏಕೆ ತಟ್ಟಬೇಕು? ‘ಬಹುದು-ಸೂಚನೆ’, ‘ಆಯ್ತು-ಸೂಚನೆ’ ಎನ್ನಿ. ಅಚ್ಚಿನಲ್ಲಿ ಒರಟೆನಿಸಿದರೆ ‘ಅಣಿಸೂಚನೆ’, ‘ಮುಗಿತಾಯದ ಸೂಚನೆ’.

ಈ ಎರಡು ಬಗೆಗಳನ್ನು ಬೆಸೆಯುವ ಅಧ್ಯಾಯದಲ್ಲಂತೂ ಈ ಹೆಸರುಗಳಿಲ್ಲದೆ ದಾರಿಯಿಲ್ಲ. ಬಹುದು ಇದ್ದಲ್ಲಿ ಆಯ್ತು ತೋರಿಸುವುದು ಸಲೀಸು: ಸೂಚನೆ ಬಂದೊಡನೆ ಲೈಬ್ರರಿಯೇ ಓದಿ ‘ಆಯ್ತು’ ಎಂದು ತಿಳಿಸುತ್ತದೆ. ತಿರುಗುಮುರುಗು ಮಾಡುವುದು ಕಷ್ಟ. ಟಿಸಿಪಿ ಸಾಕೆಟ್ಟಿಗೆ (ನೆಟ್ವರ್ಕ್ ಸಂಪರ್ಕದ ತುದಿಗೆ) ಸೊನ್ನೆ ಬೈಟಿನ ಓದು ಸಲ್ಲಿಸಿ, ಅದು ಮುಗಿದರೆ ‘ಏನೋ ಬಂದಿದೆ’ ಎಂದು ತಿಳಿಯುವ ಉಪಾಯವಿದೆ. ಡಬ್ಬ ಬಿಡದೆ ಬರೀ ಹೆಸರು ಬರೆಸಿ ಬಂದ ಹಾಗೆ. ಡಿಸ್ಕಿನ ಮೇಲಿನ ಮಾಮೂಲಿ ಫೈಲಿಗೆ ಬಹುದು-ಸೂಚನೆಯೇ ಇಲ್ಲ, ಇ-ಪೋಲ್‌ಗೆ ಸೇರಿಸಹೋದರೆ ಇಪರ್ಮ್ (‘ಅನುಮತಿ ಇಲ್ಲ’) ದೋಷ ಬರುತ್ತದೆ. ಲಿಬ್‌ಯುವಿ ಎಂಬ ಇಂಥದೇ ಲೈಬ್ರರಿ ಫೈಲ್ ಕೆಲಸವನ್ನು ಜೊತೆಜೊತೆಗೆ ಓಡುವ ಎಳೆಗಳಾದ ಥ್ರೆಡ್‌ಗಳಿಗೆ ಒಪ್ಪಿಸುವುದು ಅದಕ್ಕೇ. ಸಂಖ್ಯೆ ಬದಲಿಸದಿದ್ದರೆ 4 ಥ್ರೆಡ್; ನಾಲ್ಕೂ ನಿಧಾನದ ಡಿಸ್ಕಿಗೆ ಸಿಕ್ಕಿಕೊಂಡರೆ ಐದನೆಯ ಓದು ಸಾಲಿನಲ್ಲಿ ನಿಲ್ಲುತ್ತದೆ.

‘ತಡೆಯದ’ ಎಂಬುದನ್ನು ನಾನ್‌-ಬ್ಲಾಕಿಂಗ್‌ಗೇ ಬಿಡಿ. ತಡೆಯದ ಸಾಕೆಟ್ ಏನೂ ಬಂದಿಲ್ಲದಿದ್ದರೆ ಇಎಗೇನ್ (‘ಆಮೇಲೆ ಮತ್ತೆ ಕೇಳು’) ಎಂದು ಹೇಳಿ ಕೈತೊಳೆದುಕೊಳ್ಳುತ್ತದೆ, ಬೆನ್ನ ಹಿಂದೆ ಕೆಲಸ ಸಾಗುವುದಿಲ್ಲ. ಇನ್ನು ಅಸಿಂಕ್ರೊನಸ್ಸಿಗೆ ‘ಅಸಮಕಾಲಿಕ’ ಎಂದರೆ ಓದಿದವರಿಗೆ ಸಮಕಾಲೀನ ಸಾಹಿತ್ಯ ನೆನಪಾಗುತ್ತದೆ. ಅಸಿಂಕ್ರೊನಸ್ ಎಂದೇ ಇರಲಿ.

ಇನ್ನೊಂದು ಉತ್ತರ: ಬಹುದು, ಆಯ್ತು ಒಪ್ಪಿದೆ. ಸಲ್ಲಿಸಿದ ಕೋರಿಕೆಯನ್ನು ಬೇಡವೆನ್ನಲು ವಿಂಡೋಸ್ ಕೊಡುವ ಕರೆ ಕ್ಯಾನ್ಸಲ್‌ಐಒಇಎಕ್ಸ್ ಬಗ್ಗೆ ‘ರದ್ದು ಮಾಡುತ್ತದೆ’ ಎಂದು ಮಾತ್ರ ಬರೆಯಬೇಡಿ, ‘ರದ್ದು ಕೋರುತ್ತದೆ’ ಎನ್ನಿ. ಕರೆ ಹಿಂತಿರುಗಿದಾಕ್ಷಣ ಓದು ನಿಂತಿರುವುದಿಲ್ಲ. ದೋಷ 995 (‘ಕೆಲಸ ರದ್ದಾಯಿತು’) ಹೊತ್ತೋ, ಅಷ್ಟರಲ್ಲಿ ಓದು ಮುಗಿದುಹೋಗಿದ್ದರೆ ಯಶಸ್ಸನ್ನೇ ಹೊತ್ತೋ ಮುಗಿತಾಯದ ಸೂಚನೆ ಬರಬೇಕು. ‘ಮಾಡುತ್ತದೆ’ ಎಂಬುದನ್ನು ನಂಬಿ ಅದಕ್ಕೆ ಮೊದಲೇ ಬಫರ್ ಬಿಡುಗಡೆ ಮಾಡಿದರೆ, ಬೇರೆ ಯಾವುದಕ್ಕೋ ಕೊಟ್ಟ ಮೆಮೊರಿಯ ಮೇಲೆ ಕರ್ನೆಲ್ ಬರೆದುಬಿಡುತ್ತದೆ.