ಶೆಡ್ಡಿನ ಮಕ್ಕಳನ್ನು ಶಾಲೆ ಸೇರಿಸಿಕೊಳ್ಳುತ್ತಿಲ್ಲ, ವಕೀಲರನ್ನು ಹಿಡಿಯಬೇಕಾ?

ಕೇಳಿದವರು:
ನಮ್ಮದು ಬೆಂಗಳೂರಿನ ಹೊರವಲಯದಲ್ಲಿ ಸಂಜೆ ಪಾಠ ಹೇಳಿಕೊಡುವ ಸಣ್ಣ ಟ್ರಸ್ಟ್. ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳು ಇಲ್ಲೊಂದು ಖಾಲಿ ಸೈಟಿನಲ್ಲಿ ಶೆಡ್ ಹಾಕಿಕೊಂಡಿವೆ. ಮಕ್ಕಳನ್ನು ಹತ್ತಿರದ ಸರ್ಕಾರಿ ಶಾಲೆಗೆ ಕರೆದುಕೊಂಡು ಹೋದರೆ "ಟಿಸಿ ಇಲ್ಲ, ಆಧಾರ್ ಇಲ್ಲ, ವರ್ಷದ ಮಧ್ಯ ಬೇರೆ, ಜೂನ್‌ನಲ್ಲಿ ಬನ್ನಿ" ಅಂದರು. ಈ ನಡುವೆ ಜಾಗದ ಮಾಲೀಕರು ಶೆಡ್ ತೆಗೆಯಿರಿ ಅನ್ನುತ್ತಿದ್ದಾರೆ. ಲಾಯರ್ ಇಡುವಷ್ಟು ದುಡ್ಡು ನಮ್ಮಲ್ಲಿಲ್ಲ. ಇಂಥದ್ದರಲ್ಲಿ ಓಡಾಡಿದವರು ಹೇಳಿ, ಎಲ್ಲಿಂದ ಶುರು ಮಾಡಬೇಕು? ಕೋರ್ಟಿಗೇ ಹೋಗಬೇಕಾ?

ನಿವೃತ್ತ ಮುಖ್ಯ ಶಿಕ್ಷಕಿ:
ಮೇಜಿನ ಆಚೆ ಕೂತಿದ್ದವಳಾಗಿ ಒಂದು ಮಾತು. ನಿಮ್ಮ ಮುಖ್ಯ ಶಿಕ್ಷಕರು ಕೆಟ್ಟವರೇ ಅಂದುಕೊಳ್ಳಬೇಡಿ. ಇಂಥ ಮಗು ಬರುತ್ತದೆ, ನಾಲ್ಕು ತಿಂಗಳಿಗೆ ಅಪ್ಪನಿಗೆ ಬೇರೆ ಕಡೆ ಕೆಲಸ ಸಿಗುತ್ತದೆ, ಹೇಳದೇ ಹೋಗಿಬಿಡುತ್ತದೆ. ಆಮೇಲೆ ಹಾಜರಾತಿ ಯಾಕೆ ಕಡಿಮೆ ಅಂತ ಮೇಲಿನವರು ಕೇಳುವುದು ನಮ್ಮನ್ನೇ. ಆ ಭಯಕ್ಕೆ ಟಿಸಿ ಒಂದು ನೆಪ ಅಷ್ಟೆ. ಹಳೇ ಶಾಲೆಯ ಹೆಸರು, ಮಗುವಿನ ಸ್ಯಾಟ್ಸ್ ನಂಬರ್ (ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೆ ಇರುವ ಸಂಖ್ಯೆ) ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಊರಲ್ಲಿರುವ ಅಜ್ಜಿಗೋ ಚಿಕ್ಕಪ್ಪನಿಗೋ ಫೋನ್ ಮಾಡಿಸಿ, ಹಳೇ ಶಾಲೆಗೆ ಹೋಗಿ ಕೇಳಿ ಬರಲಿ. ನಮ್ಮ ಕಡೆ ಸಿಆರ್‌ಪಿ (ಸುತ್ತಲಿನ ಕೆಲವು ಶಾಲೆಗಳನ್ನು ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿ) ಬಂದು ಎರಡು ಮಾತಾಡಿದರೆ ಸಾಕಿತ್ತು, ಎಷ್ಟೋ ಮಕ್ಕಳನ್ನು ಹಾಗೆಯೇ ಸೇರಿಸಿಕೊಂಡಿದ್ದೇವೆ. ಮೊದಲ ದಿನವೇ ಕಾನೂನು ಪುಸ್ತಕ ಹಿಡಿದುಕೊಂಡು ಹೋಗಬೇಡಿ.

ಮಕ್ಕಳ ಹಕ್ಕುಗಳ ಸಂಸ್ಥೆಯಲ್ಲಿ ವಕೀಲೆ:
ಮೇಡಂ ಹೇಳಿದ್ದು ನಿಜ, ಮೊದಲು ಮಾತಾಡಿ. ಆದರೆ ಮಾತಿನ ಜೊತೆಗೆ ಒಂದು ಅರ್ಜಿಯನ್ನೂ ಕೊಟ್ಟು ಬನ್ನಿ. ನಾನು ನೋಡಿದ ಹಾಗೆ ಇಂಥ ವಿಷಯ ಮುಂದೆ ಹೋಗದೆ ನಿಲ್ಲುವುದು ಒಂದೇ ಕಾರಣಕ್ಕೆ: ಯಾರೂ ಯಾವುದನ್ನೂ ಬರೆದುಕೊಟ್ಟಿರುವುದಿಲ್ಲ. ಮಗುವಿನ ಹೆಸರು, ಅಂದಾಜು ವಯಸ್ಸು, ಹಿಂದೆ ಓದಿದ ತರಗತಿ, "ಸೇರಿಸಿಕೊಳ್ಳಿ, ಇಲ್ಲದಿದ್ದರೆ ಕಾರಣ ಬರೆದು ಹಿಂಬರಹ ಕೊಡಿ" ಅಂತ ಒಂದು ಸಾಲು. ಇಷ್ಟೇ ಅರ್ಜಿ. ಬಾಯಲ್ಲಿ "ಆಗಲ್ಲ" ಅನ್ನುವುದು ಸುಲಭ. ಅದನ್ನೇ ಸಹಿ ಹಾಕಿ ಬರೆದುಕೊಡಿ ಅಂದಾಗ ಆಗುವ ಕೆಲಸವೇ ಜಾಸ್ತಿ. ಯಾಕೆಂದರೆ ಅವರು ಹೇಳಿದ ಮೂರು ಕಾರಣಕ್ಕೂ ಕಾನೂನಿನ ಬೆಂಬಲ ಇಲ್ಲ, ಅದು ಅವರಿಗೂ ಗೊತ್ತು.

ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಿಂದ. 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯ. ಅದರ 5ನೇ ಸೆಕ್ಷನ್ ನೋಡಿ: ಟಿಸಿ ತಡವಾಯಿತು ಅಂತ ದಾಖಲಾತಿ ನಿರಾಕರಿಸುವಂತಿಲ್ಲ, ಮುಂದೂಡುವಂತೆಯೂ ಇಲ್ಲ. 14ನೇ ಸೆಕ್ಷನ್: ವಯಸ್ಸಿನ ದಾಖಲೆ ಇಲ್ಲ ಅಂತ ವಾಪಸ್ ಕಳಿಸುವಂತಿಲ್ಲ. ವರ್ಷದ ಮಧ್ಯ ಬಂದರೂ ಸೇರಿಸಿಕೊಳ್ಳಬೇಕು ಅನ್ನುವುದು 15ರಲ್ಲಿದೆ. ಆಧಾರ್ ವಿಷಯ 2018ರ ಸೆಪ್ಟೆಂಬರ್‌ನಲ್ಲೇ ಸುಪ್ರೀಂ ಕೋರ್ಟ್ ತೀರ್ಮಾನಿಸಿದೆ, ಶಾಲೆ ಸೇರಲು ಅದು ಕಡ್ಡಾಯವಲ್ಲ. ಇನ್ನೊಂದು ಸೆಕ್ಷನ್ ಯಾರೂ ಹೇಳುವುದಿಲ್ಲ, 9ನೆಯದು. ವಲಸೆ ಬಂದ ಕುಟುಂಬಗಳ ಮಕ್ಕಳನ್ನು ಶಾಲೆಗೆ ಸೇರಿಸುವುದು ಸ್ಥಳೀಯ ಪ್ರಾಧಿಕಾರದ (ಪಂಚಾಯಿತಿ, ನಗರಸಭೆ ಥರದ್ದು) ಕರ್ತವ್ಯ ಅಂತ ಅಲ್ಲಿ ಸ್ಪಷ್ಟವಾಗಿದೆ. ಅಂದರೆ ನೀವು ಉಪಕಾರ ಕೇಳುತ್ತಿಲ್ಲ.

ದೊಡ್ಡ ಮಕ್ಕಳಿದ್ದರೆ ಗಮನಿಸಿ. ಹನ್ನೊಂದು ವರ್ಷದ ಹುಡುಗಿಗೆ ಓದಲು ಬರುವುದಿಲ್ಲ ಅಂತ ಒಂದನೇ ತರಗತಿಯಲ್ಲಿ ಕೂರಿಸಿದರೆ ಅವಳು ವಾರದೊಳಗೆ ಶಾಲೆ ಬಿಡುತ್ತಾಳೆ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಹಿಂದುಳಿದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು ಅನ್ನುತ್ತದೆ 4ನೇ ಸೆಕ್ಷನ್. ಹಾಗೆ ಸೇರಿದ ಮಗುವಿಗೆ 14 ತುಂಬಿದರೂ ಎಂಟನೇ ತರಗತಿ ಮುಗಿಯುವವರೆಗೆ ಉಚಿತ ಶಿಕ್ಷಣ. ಆ ತರಬೇತಿಗೆ ನಿಮ್ಮ ಸಂಜೆ ಪಾಠವನ್ನು ಜೋಡಿಸುತ್ತೇವೆ ಅಂತ ಶಾಲೆಗೆ ಹೇಳಿ ನೋಡಿ. ಮುಖ್ಯ ಶಿಕ್ಷಕರ ಮುಖವೇ ಬದಲಾಗುತ್ತದೆ.

ಕೇಳಿದವರು:
ಮೇಡಂ, ಹಿಂಬರಹವನ್ನೂ ಕೊಡಲ್ಲ ಅಂದರೆ?

ವಕೀಲೆ:
ಅರ್ಜಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಆಮೇಲೆ 32ನೇ ಸೆಕ್ಷನ್ ಪ್ರಕಾರ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು, ಬಿಇಒಗೆ (ಕ್ಷೇತ್ರ ಶಿಕ್ಷಣಾಧಿಕಾರಿ) ಒಂದು ಪ್ರತಿ. ಮೂರು ತಿಂಗಳೊಳಗೆ ತೀರ್ಮಾನ ಆಗಬೇಕು. ಅದು ಸರಿ ಬರದಿದ್ದರೆ ಮೇಲ್ಮನವಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ. ಮೂರು ತಿಂಗಳು ಅಂದರೆ ಶೆಡ್ಡಿನ ಮಗುವಿಗೆ ತುಂಬಾ ದೂರ, ಅದಕ್ಕೇ ಜೊತೆಜೊತೆಗೆ ಕಾನೂನು ಸೇವಾ ಪ್ರಾಧಿಕಾರಕ್ಕೂ ಹೋಗಿ.

ದುಡ್ಡಿಲ್ಲ ಅಂದಿರಲ್ಲ, ಅದಕ್ಕೆ ಉತ್ತರ ಅಲ್ಲಿದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಮಕ್ಕಳಿಗೆ, ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ನೆರವು. ವಕೀಲರ ಫೀಸೂ ಇಲ್ಲ, ಕೋರ್ಟ್ ಶುಲ್ಕವೂ ಇಲ್ಲ. ತಾಲ್ಲೂಕು ಕೋರ್ಟಿನಲ್ಲಿ ಸಮಿತಿ, ಜಿಲ್ಲಾ ಕೋರ್ಟಿನಲ್ಲಿ ಪ್ರಾಧಿಕಾರ. ಬಿಳಿ ಹಾಳೆಯ ಮೇಲೆ ಅರ್ಜಿ ಬರೆದರೆ ಸಾಕು. ಫೋನಿನಲ್ಲಿ ಕೇಳುವುದಾದರೆ 15100. ಪ್ರಾಧಿಕಾರ ನೇಮಿಸಿಕೊಡುವ ಪ್ಯಾನೆಲ್ ವಕೀಲರಲ್ಲಿ ಚುರುಕಾದವರೂ ಇರುತ್ತಾರೆ, ಸುಮ್ನೆ ದಿನ ತಳ್ಳುವವರೂ ಇರುತ್ತಾರೆ. ಆದರೆ ಜಿಲ್ಲಾ ಪ್ರಾಧಿಕಾರದ ಕಾರ್ಯದರ್ಶಿ ಒಬ್ಬ ನ್ಯಾಯಾಧೀಶರು. ಅವರ ಕಚೇರಿಯಿಂದ ಬಿಇಒಗೆ ಒಂದು ಪತ್ರ ಹೋದರೆ ಕೇಸು ಹಾಕುವ ಮುಂಚೆಯೇ ಕೆಲಸ ಆಗಿದ್ದನ್ನು ಬೇಕಾದಷ್ಟು ಸಲ ನೋಡಿದ್ದೇನೆ.

ಸಮಾಜಕಾರ್ಯ ಓದಿ ಹಳ್ಳಿಗಳಲ್ಲಿ ಕೆಲಸ ಮಾಡುವವರು:
ಕೋರ್ಟು ಬೇಡ ಅನ್ನುವ ಧಾಟಿ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಒಂದು ಮಗುವಿನ ದಾಖಲಾತಿಗೆ ಪತ್ರ ಸಾಕು, ಸರಿ. ಪ್ರತಿ ಮಗುವಿಗೂ ಇದೇ ಪಾಡಾದರೆ? 2013ರಲ್ಲಿ ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯವನ್ನು ನಮ್ಮ ಹೈಕೋರ್ಟ್ ತಾನಾಗಿಯೇ ಕೈಗೆತ್ತಿಕೊಂಡ ಮೇಲೆ ತಾನೇ ಇಲಾಖೆ ಮೈಕೊಡವಿ ಎದ್ದದ್ದು? 2019ರಲ್ಲಿ ಎರಡನೇ ಜೊತೆ ಸಮವಸ್ತ್ರ ಕೊಟ್ಟಿಲ್ಲ ಅಂತ ಸರ್ಕಾರಿ ಶಾಲೆಯ ವಿದ್ಯಾರ್ಥಿಯ ಹೆಸರಿನಲ್ಲಿ ಹೈಕೋರ್ಟಿಗೆ ಹೋದಾಗ ಕೊಡಲೇಬೇಕು ಅಂತ ಆದೇಶ ಬಂತು. ಅದು ರಾಜ್ಯದ ಎಲ್ಲ ಮಕ್ಕಳಿಗೂ ಆಯಿತಲ್ಲ.

ವಕೀಲೆ:
ಆಯಿತು ಸರ್, ಆದರೆ ಆ ಆದೇಶ ಜಾರಿಯಾಗಲಿಲ್ಲ ಅಂತ ಆಮೇಲೆ ನ್ಯಾಯಾಂಗ ನಿಂದನೆ ಅರ್ಜಿಯನ್ನೂ ಹಾಕಬೇಕಾಯಿತು. ಸಣ್ಣ ಟ್ರಸ್ಟಿಗೆ ಅಷ್ಟು ದೂರ ನಡೆಯುವ ಕಾಲು ಇದೆಯಾ ಅನ್ನುವುದೇ ನನ್ನ ಪ್ರಶ್ನೆ. ಅರ್ಜಿಗಳ ಪ್ರತಿ ಇಟ್ಟುಕೊಂಡಿದ್ದರೆ ನಾಳೆ ದೊಡ್ಡ ಸಂಸ್ಥೆಯೊಂದು ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕುವಾಗ ಅದೇ ಸಾಕ್ಷಿ ಆಗುತ್ತದೆ.

ಕೊಳಗೇರಿ ನಿವಾಸಿಗಳ ಜೊತೆ ಕೆಲಸ ಮಾಡುವವರು:
ಶೆಡ್ ವಿಷಯ ಯಾರೂ ಮುಟ್ಟಲಿಲ್ಲ. ಶಾಲೆ ಬೇರೆ, ಮನೆ ಬೇರೆ ಅಂತ ನೋಡಬೇಡಿ. ಶೆಡ್ ಎದ್ದ ದಿನವೇ ಮಗುವಿನ ಶಾಲೆಯೂ ಹೋಯಿತು, ಮಧ್ಯಾಹ್ನದ ಬಿಸಿಯೂಟವೂ ಹೋಯಿತು.

ಮೊದಲು ಜಾಗ ಯಾರದ್ದು ಅಂತ ತಿಳಿದುಕೊಳ್ಳಿ. ಘೋಷಿತ ಕೊಳಗೇರಿ ಆಗಿದ್ದರೆ 1973ರ ಕರ್ನಾಟಕ ಕೊಳಗೇರಿ ಕಾಯ್ದೆಯ ರಕ್ಷಣೆ ಇದೆ. ಸರ್ಕಾರದವರು ಒಡೆಯಲು ಬಂದರೆ ಜನ 2024ರ ನವೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪು ತೋರಿಸುತ್ತಾರೆ, ಕಟ್ಟಡ ಕೆಡವುವ ಮುಂಚೆ ಕನಿಷ್ಠ 15 ದಿನದ ನೋಟಿಸ್ ಅಂತ. ಒಳ್ಳೆಯ ತೀರ್ಪೇ, ಆದರೆ ರಸ್ತೆ, ಫುಟ್‌ಪಾತ್, ರೈಲು ಹಳಿಯ ಪಕ್ಕದ ಅನಧಿಕೃತ ಕಟ್ಟಡಗಳಿಗೆ ಅದು ಅನ್ವಯಿಸುವುದಿಲ್ಲ. ಅಲ್ಲಿ ಮುಂಬೈ ಫುಟ್‌ಪಾತ್ ವಾಸಿಗಳ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ 1985ರ ಓಲ್ಗಾ ಟೆಲಿಸ್ ತೀರ್ಪಿನ ವಾದ ಹಿಡಿಯಬೇಕು: ಬದುಕುವ ಹಕ್ಕಿನಲ್ಲಿ ಜೀವನೋಪಾಯವೂ ಸೇರಿದೆ ಅಂತ ಅದರಲ್ಲಿ ಹೇಳಿದೆ. ಆ ಕೇಸಿನಲ್ಲೂ ಫುಟ್‌ಪಾತಿನಲ್ಲೇ ಉಳಿಯುವ ಹಕ್ಕನ್ನು ಕೋರ್ಟ್ ಕೊಡಲಿಲ್ಲ ಅನ್ನುವುದೂ ನೆನಪಿರಲಿ.

ನಿಮ್ಮದು ಖಾಸಗಿ ಸೈಟು. ನಿಜ ಹೇಳಬೇಕೆಂದರೆ ಅಲ್ಲೇ ಉಳಿಸುವ ಬಲ ಕಡಿಮೆ. ಮಾಲೀಕರ ಹತ್ತಿರ ಕೂತು ಏಪ್ರಿಲ್‌ವರೆಗೆ, ಪರೀಕ್ಷೆ ಮುಗಿಯುವವರೆಗೆ ಸಮಯ ಕೇಳಿ. ಕಟ್ಟಡದ ಗುತ್ತಿಗೆದಾರನನ್ನೂ ಆ ಮಾತುಕತೆಗೆ ಎಳೆಯಿರಿ, ಈ ಜನರನ್ನು ಕರೆಸಿದ್ದು ಅವನೇ ಅಲ್ವಾ? ಒಪ್ಪಿದ್ದನ್ನು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಕುಟುಂಬ ಹೊರಡುವುದೇ ಆದರೆ ಹೊರಡುವ ಮುಂಚೆ ಟಿಸಿ ತೆಗೆಸಿ. ಅದೊಂದು ಮಾಡಿದರೆ ಮುಂದಿನ ಊರಿನಲ್ಲಿ ಇದೇ ಗೋಳು ಇರುವುದಿಲ್ಲ.

ಶೆಡ್ಡಿನಲ್ಲೇ ಬೆಳೆದವರು:
ನೀವೆಲ್ಲ ಕಾನೂನು ಹೇಳಿದಿರಿ. ಅಪ್ಪ ಅಮ್ಮನಿಗೆ ಇರುವ ಹೆದರಿಕೆ ಹೇಳುತ್ತೇನೆ. ಅಧಿಕಾರಿಗಳು ಬಂದರೆ ಮಕ್ಕಳನ್ನು ಎತ್ತಿಕೊಂಡು ಹೋಗಿ ಹಾಸ್ಟೆಲ್ಲಿಗೆ ಹಾಕುತ್ತಾರೆ ಅನ್ನುವುದೇ ಅದು. ನಮ್ಮಮ್ಮ ಯಾರಾದರೂ ಫೈಲು ಹಿಡಿದು ಬಂದರೆ ನನ್ನನ್ನು ಮರಳಿನ ರಾಶಿಯ ಹಿಂದೆ ಕಳಿಸುತ್ತಿದ್ದಳು. ಫೋಟೋ ತೆಗೆಯುವವರನ್ನು ಕಂಡರಂತೂ ಇನ್ನೂ ಹೆದರಿಕೆ. ದಾನಿಗಳಿಗೆ ಕಳಿಸಲು ಮಕ್ಕಳ ಮುಖ ಬೇಕೇ ಬೇಕಾ, ಸ್ವಲ್ಪ ಯೋಚಿಸಿ.

ವಕೀಲೆ:
ಇದನ್ನು ನಾನೇ ಮೊದಲು ಹೇಳಬೇಕಿತ್ತು, ಥ್ಯಾಂಕ್ಸ್. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಮಗುವನ್ನು ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ, ಮೊದಲನೆಯದಲ್ಲ. ಬಡತನ ಒಂದಕ್ಕೇ ಮಗುವನ್ನು ಮನೆಯಿಂದ ಬೇರೆ ಮಾಡಬಾರದು. ಹೊಡೆತ, ದುಡಿಮೆ, ಲೈಂಗಿಕ ದೌರ್ಜನ್ಯ ಇದ್ದರೆ ಮಾತ್ರ ತಡಮಾಡದೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ತಾಯಿ ಒಬ್ಬಳೇ ಸಾಕುತ್ತಿದ್ದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಪ್ರಾಯೋಜಕತ್ವಕ್ಕೆ ಅರ್ಜಿ ಹಾಕಿ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ, ಮಗು ಮನೆಯಲ್ಲೇ ಇರುತ್ತದೆ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಕೊನೆಯದಾಗಿ, ದೂರು ಯಾರ ಹೆಸರಿನಲ್ಲಿ? ಸಹಿ ಹಾಕಿದರೆ ಮೇಸ್ತ್ರಿ ಕೆಲಸದಿಂದ ತೆಗೆಯುತ್ತಾನೆ ಅಂತ ಅಪ್ಪಂದಿರು ಹಿಂದೇಟು ಹಾಕುತ್ತಿದ್ದಾರೆ.

ವಕೀಲೆ:
ಶಾಲೆಯ ದೂರು ಟ್ರಸ್ಟಿನ ಹೆಸರಿನಲ್ಲೇ ಇರಲಿ. ಮಗುವಿನ ಹಕ್ಕಿನ ಬಗ್ಗೆ ಯಾರು ಬೇಕಾದರೂ ದೂರು ಕೊಡಬಹುದು ಅಂತ 32ನೇ ಸೆಕ್ಷನ್ನಿನಲ್ಲಿದೆ, ಅಪ್ಪ ಅಮ್ಮನೇ ಆಗಬೇಕೆಂದಿಲ್ಲ. ಆದರೆ ಅವರನ್ನು ಕೇಳದೆ ಕೊಡಬೇಡಿ. ದೂರಿನಲ್ಲಿ ಶೆಡ್ಡಿನ ವಿಷಯ, ಗುತ್ತಿಗೆದಾರನ ಹೆಸರು ಎರಡೂ ಬೇಡ, ಅದು ಬೇರೆಯೇ ಅರ್ಜಿ. ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಟಪಾಲು ವಿಭಾಗದ ಸೀಲು, ತಾರೀಖು ಹಾಕಿಸಿಕೊಂಡೇ ಬನ್ನಿ. ನಾಳೆ ಬನ್ನಿ ಅಂದರೆ ಅಲ್ಲೇ ಬೆಂಚಿನ ಮೇಲೆ ಕೂತಿರಿ.