ತಣ್ಣಗಿರುವ ಎಂಜಿನ್‌ನಲ್ಲಿ ಟಕ್ ಟಕ್ ಸದ್ದು: ಹೆಡ್ ಬಿಚ್ಚಿಸಬೇಕೇ?

ತೀರ್ಥಹಳ್ಳಿ ತೋಟದವ:
2014ರ ಮಾದರಿಯ ಪೆಟ್ರೋಲ್ ಕಾರು, 1.2 ಲೀಟರ್, ನಾಲ್ಕು ಸಿಲಿಂಡರ್. ಮಳೆಗಾಲ ಮುಗಿದಾಗಿನಿಂದ ಬೆಳಿಗ್ಗೆ ಚಾಲೂ ಮಾಡಿದ ಕೂಡಲೇ ಬಾನೆಟ್ ಒಳಗೆ ಯಾರೋ ಹೊಲಿಗೆ ಯಂತ್ರ ತುಳಿಯುತ್ತಿರುವಂತೆ ಟಕ್ ಟಕ್ ಎನ್ನುತ್ತದೆ. ಕೊಪ್ಪದ ರಸ್ತೆ ಹಿಡಿದು ಊರು ದಾಟುವಷ್ಟರಲ್ಲಿ ಸದ್ದು ಮಾಯ. ಎಂಜಿನ್ ಬಿಸಿಯಿದ್ದಾಗ ಮತ್ತೆ ಚಾಲೂ ಮಾಡಿದರೆ ಬರುವುದೇ ಇಲ್ಲ. ಹಾಗಾಗಿ ಗ್ಯಾರೇಜ್ ಮುಟ್ಟಿದಾಗ ಕಾರು ಸಾಧುವಾಗಿರುತ್ತದೆ, ಮೆಕ್ಯಾನಿಕ್ ನನ್ನ ಮುಖ ನೋಡುತ್ತಾನೆ. ಕೊನೆಗೆ ಮೊಬೈಲಿನಲ್ಲಿ ಸದ್ದು ಹಿಡಿದು ಕೇಳಿಸಿದೆ. ‘ಟ್ಯಾಪೆಟ್ ಹೋಗಿದೆ, ಹೆಡ್ ಬಿಚ್ಚಬೇಕು, ಹದಿನೆಂಟು ಸಾವಿರ ಇಟ್ಟುಕೊಳ್ಳಿ’ ಎಂದ. ಟ್ಯಾಪೆಟ್ ಎಂದರೆ ವಾಲ್ವ್ ಒತ್ತುವ ಭಾಗ, ಹೆಡ್ ಎಂದರೆ ಸಿಲಿಂಡರುಗಳ ಮೇಲೆ ಮುಚ್ಚಳದಂತೆ ಕೂರುವ ಭಾಗವಂತೆ. ಆಯಿಲ್ ಮಟ್ಟ ಸರಿಯಿದೆ, ಕೆಂಪು ದೀಪ ಹತ್ತಿಲ್ಲ. ಮೈಲೇಜ್ ಮಾತ್ರ ಸ್ವಲ್ಪ ಇಳಿದಂತಿದೆ. ಅಡಿಕೆ ಕೊಯ್ಲಿನ ಹೊತ್ತು, ಕಾರು ನಿಂತರೆ ಕಷ್ಟ. ಬಲ್ಲವರು ಹೇಳಿ.

ಹುಬ್ಬಳ್ಳಿ ಸವಾರ:
ಇಷ್ಟಕ್ಕೆಲ್ಲ ಹೆಡ್ ಬಿಚ್ಚುತ್ತಾರೆಯೇ? 20ಡಬ್ಲ್ಯು-50 ದಪ್ಪ ಆಯಿಲ್ ಹಾಕಿಸಿ, ಸದ್ದು ಅಡಗುತ್ತದೆ. ನಮ್ಮ ಹಳೆಯ ಜೀಪಿಗೆ ಅದನ್ನೇ ಹಾಕುತ್ತೇವೆ.

ಡಿಪೋ ಮೆಕ್ಯಾನಿಕ್ (ನಿವೃತ್ತ):
ಜೀಪಿಗೆ ಹಾಕಿ, ಬೇಡ ಎನ್ನುವುದಿಲ್ಲ. ಈ ಕಾರಿನ ಎಂಜಿನ್‌ಗೆ ಕೈಪಿಡಿಯಲ್ಲಿ ಹೇಳಿದ ತೆಳು ಆಯಿಲೇ ಬೇಕು. ದಪ್ಪ ಆಯಿಲ್ ಚಳಿಯ ಬೆಳಗಿನಲ್ಲಿ ಮೇಲೆ ವಾಲ್ವ್ ತೆರೆಸುವ ಕ್ಯಾಮ್‌ಶಾಫ್ಟ್ ತಲುಪುವುದೇ ತಡ. ಸದ್ದು ಅಡಗಿದರೂ ಸವೆತ ಹೆಚ್ಚುತ್ತದೆ.

ತೋಟದವರೇ, ಹೆಡ್ ಬಿಚ್ಚಲು ಈಗಲೇ ಒಪ್ಪಬೇಡಿ. ಮೊಬೈಲಿನಲ್ಲಿ ಸದ್ದು ಕೇಳಿ ಹೆಡ್‌ಗೆ ಕೈ ಹಾಕುವ ಹುಡುಗ ನನ್ನ ಡಿಪೋದಲ್ಲಿದ್ದಿದ್ದರೆ ದಿನವಿಡೀ ಸೀಮೆಎಣ್ಣೆಯಲ್ಲಿ ನಟ್ಟು ತೊಳೆಯಲು ಕೂರಿಸುತ್ತಿದ್ದೆ. ಸದ್ದು ಹೇಗಿದೆ ಎಂಬುದನ್ನು ಎಲ್ಲರೂ ವರ್ಣಿಸುತ್ತಾರೆ. ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂಬುದೇ ನನಗೆ ಮುಖ್ಯ. ನೀವು ಅದನ್ನು ಸರಿಯಾಗಿ ಬರೆದಿದ್ದೀರಿ, ಅರ್ಧ ಕೆಲಸ ಮುಗಿದಂತೆ.

ಟ್ಯಾಪೆಟ್ ಎಂಬ ಊಹೆಗೂ ಕಾರಣವಿದೆ. ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುವಾಗ ಕ್ಯಾಮ್‌ಶಾಫ್ಟ್ ತಿರುಗುವುದು 400 ಸುತ್ತು. ಒಂದು ವಾಲ್ವ್ ಸಡಿಲವಿದ್ದರೆ ನಿಮಿಷಕ್ಕೆ 400 ಬಡಿತ. ಆದರೆ ಒಂದು ಸಿಲಿಂಡರ್ ಹೊಗೆ ಉಗುಳುವುದೂ 400 ಸಲವೇ. ಹೆಡ್‌ಗೆ ಎಕ್ಸಾಸ್ಟ್ ಮ್ಯಾನಿಫೋಲ್ಡ್, ಅಂದರೆ ಹೊಗೆ ಹೊರಗೊಯ್ಯುವ ಕೊಳವೆಗಳ ಗೊಂಚಲು, ಕೂಡುವ ಕಡೆ ಸಣ್ಣ ಸಂದು ಬಿಟ್ಟರೆ ಪ್ರತಿ ಸಲವೂ ಅಲ್ಲಿಂದ ಟಪ್ ಎಂದು ಗಾಳಿ ಹಾರುತ್ತದೆ. ಎರಡರದ್ದೂ ಒಂದೇ ತಾಳ, ಕಿವಿ ಏಮಾರುವುದು ಇಲ್ಲಿಯೇ. ಕಬ್ಬಿಣ ಬಿಸಿಯಾಗಿ ಹಿಗ್ಗಿದಾಗ ಸಂದು ಮುಚ್ಚಿಕೊಳ್ಳುತ್ತದೆ, ಸದ್ದೂ ನಿಲ್ಲುತ್ತದೆ. ನಿಮ್ಮ ಕಾರಿನ ನಡತೆ ಇದಕ್ಕೇ ಹೊಂದುತ್ತದೆ.

ನಾಳೆ ಬೆಳಿಗ್ಗೆ ತಣ್ಣಗಿರುವಾಗಲೇ ಒಂದು ಏರು ಹತ್ತಿಸಿ. ಆಕ್ಸಿಲರೇಟರ್ ಒತ್ತಿದಾಗ ಸದ್ದು ಜೋರಾಗಿ, ಕಾಲು ತೆಗೆದೊಡನೆ ತಗ್ಗಿದರೆ ಸೋರಿಕೆಯ ಅನುಮಾನ ಗಟ್ಟಿ. ಟ್ಯಾಪೆಟ್‌ಗೆ ಏರು ಇಳಿಜಾರಿನ ಲೆಕ್ಕವಿಲ್ಲ, ಅದು ಎಂಜಿನ್ ವೇಗವನ್ನಷ್ಟೇ ಅನುಸರಿಸುತ್ತದೆ. ಕೆಳಗಿನಿಂದ ಧಡ್ ಧಡ್ ಎಂದು ಭಾರವಾದ ಸದ್ದು ಬಂದರೆ ಮಾತ್ರ ಅಲ್ಲೇ ಆಫ್ ಮಾಡಿ ಎಳೆಸಿಕೊಂಡು ಹೋಗಿ, ಅದು ಬೇರಿಂಗ್ ಇರಬಹುದು.

ಆಮೇಲೆ ತೋಟದ ಹನಿ ನೀರಾವರಿ ಪೈಪಿನ ಮೊಳದುದ್ದದ ತುಂಡು ತೆಗೆದುಕೊಳ್ಳಿ. ಒಂದು ತುದಿ ಕಿವಿಯ ಬಳಿ, ಇನ್ನೊಂದನ್ನು ಮ್ಯಾನಿಫೋಲ್ಡ್ ಕೂಡುವ ಅಂಚಿನ ಉದ್ದಕ್ಕೂ, ತಾಗಿಸದೆ ಸರಿಸಿ. ಉದ್ದ ಸ್ಕ್ರೂಡ್ರೈವರಿನ ಹಿಡಿಕೆಗೆ ಕಿವಿ ಕೊಡುವುದು ಲೋಹದ ಬಡಿತಕ್ಕೆ ಒಳ್ಳೆಯದು, ಗಾಳಿ ಸೋರಿಕೆಗೆ ಪೈಪೇ ಸರಿ. ಹೆಗಲ ಮೇಲಿನ ಟವೆಲ್ ಮನೆಯಲ್ಲೇ ಇರಲಿ. ರೇಡಿಯೇಟರ್ ಫ್ಯಾನ್ ಹೇಳದೆ ಕೇಳದೆ ತಿರುಗುತ್ತದೆ. ಇದನ್ನೆಲ್ಲ ಬಯಲಿನಲ್ಲಿ ಮಾಡಿ, ಮುಚ್ಚಿದ ಶೆಡ್ಡಿನಲ್ಲಿ ಬೇಡ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ.

ತೀರ್ಥಹಳ್ಳಿ ತೋಟದವ:
ಮಾರಾಯರೇ, ಏರಿನಲ್ಲಿ ನೀವು ಹೇಳಿದಂತೆಯೇ ಆಯಿತು! ಪೈಪ್ ಹಿಡಿದರೆ ಬೆಲ್ಟ್ ಕಡೆಯ ಮೊದಲ ಸಿಲಿಂಡರಿನ ಬಳಿ ಕಿವಿಗೆ ಹೊಡೆದಂತೆ ಸದ್ದು, ಉಳಿದ ಮೂರರ ಬಳಿ ಏನೂ ಇಲ್ಲ. ಎಂಜಿನ್ ಪೂರ್ತಿ ಆರಿದ ಮೇಲೆ ಮ್ಯಾನಿಫೋಲ್ಡ್ ಮೇಲಿನ ತಗಡಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟೆ. ಅಲ್ಲಿ ಮಾತ್ರ ಕಪ್ಪು ಮಸಿ ಹರಡಿದೆ, ಮ್ಯಾನಿಫೋಲ್ಡ್ ಹಿಡಿದಿಡುವ ಕೊನೆಯ ಸ್ಟಡ್ (ತಲೆಯಿಲ್ಲದ ಬೋಲ್ಟ್) ತುಂಡಾಗಿ ನಟ್ಟಿನ ಸಮೇತ ಕಾಣೆಯಾಗಿದೆ. ಏರ್ ಫಿಲ್ಟರ್ ಡಬ್ಬಿಯಲ್ಲಿ ಇಲಿ ಕೂಡಿಟ್ಟ ಗೋಟಡಿಕೆಯೂ ಸಿಕ್ಕಿತು, ಆದರೆ ಸದ್ದು ಅದರದ್ದಲ್ಲ.

ಅದೇ ಗ್ಯಾರೇಜಿಗೆ ಮಸಿಯ ಫೋಟೋ ತೋರಿಸಿದೆ. ಈಗ ಹೆಡ್ ಮಾತು ಬಿಟ್ಟು ‘ಸಿಲಿಕಾನ್ ಪೇಸ್ಟ್ ಹಚ್ಚಿ ಬಿಗಿ ಮಾಡುತ್ತೇನೆ’ ಎನ್ನುತ್ತಿದ್ದಾನೆ. ಸಾಕೇ?

ಡಿಪೋ ಮೆಕ್ಯಾನಿಕ್ (ನಿವೃತ್ತ):
ಸಾಲದು. ಮಾಮೂಲಿ ಪೇಸ್ಟ್ ಆ ಬಿಸಿಗೆ ಸುಟ್ಟು ಉದುರುತ್ತದೆ. ಮ್ಯಾನಿಫೋಲ್ಡ್ ಇಳಿಸಿ, ಸಂದು ಮುಚ್ಚುವ ಹೊಸ ಗ್ಯಾಸ್ಕೆಟ್ ಹಾಕಿಸಿ. ಹೆಡ್ ಒಳಗೆ ಉಳಿದ ಸ್ಟಡ್ ತುಂಡು ಸ್ವಲ್ಪವಾದರೂ ಹೊರಗೆ ಚಾಚಿದ್ದರೆ ಅದಕ್ಕೆ ನಟ್ಟು ವೆಲ್ಡ್ ಮಾಡಿ ತಿರುಗಿಸಿ ತೆಗೆಯಬಹುದು. ಒಳಗೇ ಮುರಿದಿದ್ದರೆ ನಡುವೆ ನೇರವಾಗಿ ಕೊರೆಯಬೇಕು. ಹೆಡ್ ಅಲ್ಯೂಮಿನಿಯಂ, ಡ್ರಿಲ್ ಜಾರಿದರೆ ಸ್ಟಡ್ ಕೂರುವ ರಂಧ್ರದ ತಿರುಪಿನ ಗೆರೆ ಹಾಳಾಗುತ್ತದೆ, ಆದ್ದರಿಂದ ಕೈ ಪಳಗಿದವರಿಗೇ ಕೊಡಿ. ಮ್ಯಾನಿಫೋಲ್ಡ್ ಮುಖದ ಮೇಲೆ ನೇರ ಪಟ್ಟಿ ಇಟ್ಟು ಡೊಂಕು ನೋಡಿಸಿ. ಡೊಂಕಿದ್ದರೆ ಉಜ್ಜಿ ಸಮ ಮಾಡಿಸದ ಹೊರತು ಹೊಸ ಸ್ಟಡ್ಡೂ ಮುರಿಯುತ್ತದೆ. ನಟ್ಟುಗಳನ್ನು ನಡುವಿನಿಂದ ಎರಡೂ ತುದಿಗೆ ಬಿಗಿಯುತ್ತಾ ಹೋಗಬೇಕು, ಬಿಗಿತ ಅಳೆಯುವ ಟಾರ್ಕ್ ರೆಂಚ್ ಇಲ್ಲದ ಗ್ಯಾರೇಜ್ ಬೇಡ.

ಮೈಲೇಜ್ ಇಳಿದದ್ದಕ್ಕೂ ಇದೇ ಕಾರಣವಿರಬಹುದು. ಸಂದಿನಿಂದ ಹೊರಗಿನ ಗಾಳಿ ಒಳಸೇರಿದರೆ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಪೆಟ್ರೋಲ್ ಕಡಿಮೆಯಾಗಿದೆ ಎಂದುಕೊಳ್ಳುತ್ತದೆ, ಕಂಪ್ಯೂಟರ್ ಹೆಚ್ಚು ಸುರಿಯುತ್ತದೆ. ದುರಸ್ತಿಯ ನಂತರ ಟ್ಯಾಂಕ್ ತುಂಬಿಸಿ ಲೆಕ್ಕ ಹಾಕಿ. ಕಾರನ್ನು ಹಿಂದಿನ ರಾತ್ರಿಯೇ ಗ್ಯಾರೇಜಿನಲ್ಲಿ ಬಿಡಿ, ಬೆಳಿಗ್ಗೆ ಮೊದಲ ಸಲ ಚಾಲೂ ಮಾಡುವವನು ಆ ಮೆಕ್ಯಾನಿಕ್ಕೇ ಆಗಿರಲಿ.