ಕೌಂಟಿ ಸ್ಕೋರ್‌ಕಾರ್ಡ್‌ನಲ್ಲಿ ‘ಇತರೆ’ ರನ್ ತಾಳೆಯಾಗುತ್ತಿಲ್ಲ, ವಿಕೆಟ್‌ಕೀಪರ್‌ಗಳ ಪಟ್ಟಿಯೂ ನಂಬುವಂತಿಲ್ಲ – ಸಹಾಯ ಬೇಕು

ಕಾರ್ಡುಸಂಗ್ರಾಹಕ:

ಎಲ್ಲರಿಗೂ ನಮಸ್ಕಾರ. ಕರ್ನಾಟಕದ ಆಟಗಾರರು ಇಂಗ್ಲೆಂಡಿನ ಕೌಂಟಿಗಳಿಗೆ (ಪ್ರಾಂತ್ಯವಾರು ವೃತ್ತಿಪರ ತಂಡಗಳಿಗೆ) ಆಡಿದ ಋತುಗಳ ಸ್ಕೋರ್‌ಕಾರ್ಡ್‌ಗಳನ್ನು ಒಂದು ಸ್ಪ್ರೆಡ್‌ಶೀಟ್‌ಗೆ ಇಳಿಸುತ್ತಿದ್ದೇನೆ. 1995ರಲ್ಲಿ ಜಾವಗಲ್ ಶ್ರೀನಾಥ್ ಗ್ಲಾಸ್ಟರ್‌ಷೈರ್‌ಗೆ 87 ವಿಕೆಟ್ ಪಡೆದರು, ಅದೇ ಬೇಸಿಗೆಯಲ್ಲಿ ಅನಿಲ್ ಕುಂಬ್ಳೆ ನಾರ್ಥಾಂಪ್ಟನ್‌ಷೈರ್‌ಗೆ 105 ವಿಕೆಟ್ ಪಡೆದರು. 2023 ಮತ್ತು 2024ರಲ್ಲಿ ಕರುಣ್ ನಾಯರ್ ಕೂಡ ನಾರ್ಥಾಂಪ್ಟನ್‌ಷೈರ್‌ನಲ್ಲೇ ಆಡಿದರು. ಬೌಲಿಂಗ್ ಲೆಕ್ಕದಿಂದ ಶುರುವಾದ ಕೆಲಸ ಈಗ ಸ್ಟಂಪ್‌ಗಳ ಹಿಂದೆ ನಿಂತವರ ಕಡೆಗೆ ಹೊರಳಿದೆ. ಹೋಲಿಕೆಗಾಗಿ ಹಳೆಯ ಋತುಗಳ ಕಾರ್ಡ್‌ಗಳನ್ನೂ ಸೇರಿಸಿದ್ದೇನೆ.

ತೊಂದರೆ ಮೂರು ಕಡೆ ಇದೆ. ಇತ್ತೀಚಿನ ಋತುಗಳಿಗೆ ಎಸೆತವಾರು ವಿವರದ ಕಡತಗಳನ್ನು ಬಳಸುತ್ತೇನೆ. ಅದರಲ್ಲಿ ನೋಬಾಲ್ ಆದ ಸಾಲುಗಳನ್ನು ‘ಕೌಂಟ್‌ಇಫ್’ ಸೂತ್ರದಿಂದ ಎಣಿಸಿ ಮೊತ್ತಕ್ಕೆ ಸೇರಿಸುತ್ತೇನೆ. ಲೆಕ್ಕದ ಸ್ವರೂಪ ತಿಳಿಯಲು ಒಂದು ಮಾದರಿ ಕೊಡುತ್ತೇನೆ: ಬ್ಯಾಟಿನಿಂದ 281, ಬೈ (ಬ್ಯಾಟಿಗೂ ಮೈಗೂ ತಾಗದೆ ಹೋದ ಎಸೆತದ ರನ್) 8, ಲೆಗ್‌ಬೈ (ಬ್ಯಾಟರ್‌ನ ಮೈಗೆ ತಾಗಿ ಬಂದ ರನ್) 9, ವೈಡ್ 2, ನೋಬಾಲ್ 6. ಬ್ಯಾಟಿನಿಂದ ಬಾರದ ಈ ನಾಲ್ಕೂ ಸೇರಿ ‘ಇತರೆ’. ನನಗೆ ಬರುವ ಮೊತ್ತ 306, ಕಾರ್ಡ್‌ನಲ್ಲಿ ಮಾತ್ರ 312 ಎಂದಿರುತ್ತದೆ. ಹಳೆಯ ಋತುಗಳಲ್ಲಿ ಇನ್ನೊಂದು ಬಗೆಯ ವ್ಯತ್ಯಾಸ. ಬೌಲರ್‌ಗಳು ಕೊಟ್ಟ ರನ್, ಬೈ, ಲೆಗ್‌ಬೈ ಮೂರನ್ನೂ ಕೂಡಿಸಿದರೂ ತಂಡದ ಮೊತ್ತ ಮುಟ್ಟುವುದಿಲ್ಲ.

ಮೂರನೆಯದೇ ನನಗೆ ಹೆಚ್ಚು ಮುಖ್ಯ. ನೂರು ಓವರ್‌ಗಳಿಗೆ ಎಷ್ಟು ಬೈ ಎಂಬ ಲೆಕ್ಕದಲ್ಲಿ ಕೀಪರ್‌ಗಳನ್ನು ಸಾಲಾಗಿ ನಿಲ್ಲಿಸಿದರೆ, ಆಟ ಬಲ್ಲವರೆಲ್ಲ ಮೆಚ್ಚುವ ಕೆಲವರು ಕೆಳಗೆ ಹೋಗಿ ಕೂರುತ್ತಾರೆ. ಸೂತ್ರ ಎಲ್ಲಿ ಎಡವುತ್ತಿದೆ?

ಹುಬ್ಬಳ್ಳಿ ಸ್ಕೋರರ್:

ಮೊದಲನೆಯದು ಸುಲಭ. ಕೌಂಟಿ ಚಾಂಪಿಯನ್‌ಷಿಪ್‌ನಲ್ಲಿ ನೋಬಾಲ್‌ಗೆ ದಂಡ 1 ರನ್ ಅಲ್ಲ, 2 ರನ್. ಟೆಸ್ಟ್ ಪಂದ್ಯಗಳಲ್ಲೂ ನಮ್ಮ ರಣಜಿಯಲ್ಲೂ ಒಂದೇ ರನ್ ನೋಡಿ ಬೆಳೆದವರಿಗೆ ಇದು ಹೊಳೆಯುವುದಿಲ್ಲ. ಕಾರ್ಡ್‌ನಲ್ಲಿ ‘ನೋಬಾಲ್ 12’ ಎಂದಿದ್ದರೆ ಅದು ರನ್‌ಗಳ ಲೆಕ್ಕ, ನೋಬಾಲ್ ಆದ ಎಸೆತ ಆರೇ. ನಿಮ್ಮ ಮಾದರಿಯಲ್ಲಿ 281, 8, 9, 2, 12 ಕೂಡಿಸಿ, 312 ಬರುತ್ತದೆ. ಬೌಲರ್‌ಗಳ ಖಾತೆಗೆ ಹೋಗುವುದು 281, 2, 12, ಅಂದರೆ 295.

ಆದ್ದರಿಂದ ಸಾಲು ಎಣಿಸುವ ‘ಕೌಂಟ್‌ಇಫ್’ ತೆಗೆದು ರನ್ ಕೂಡಿಸುವ ‘ಸಮ್’ ಹಾಕಿ. ಸಾಲುಗಳನ್ನು ಎರಡರಿಂದ ಗುಣಿಸುವ ಅಡ್ಡದಾರಿ ಬೇಡ, ಬೇರೆ ಟೂರ್ನಿಯ ಕಡತ ಸೇರಿಸಿದ ದಿನ ಅದು ಕೈಕೊಡುತ್ತದೆ. ವೈಡ್ ಕಾಲಂಗೂ ಇದೇ ಮಾತು. ವೈಡ್ ಎಸೆತ ಕೀಪರ್‌ನನ್ನು ದಾಟಿ ಬೌಂಡರಿಗೆ ಹೋದರೆ ಐದೂ ರನ್ ವೈಡ್ ಎಂದೇ ದಾಖಲಾಗುತ್ತವೆ, ಐದೂ ಬೌಲರ್ ಖಾತೆಗೆ ಹೋಗುತ್ತವೆ. ಸಾಲು ಎಣಿಸಿದರೆ ನಾಲ್ಕು ರನ್ ಕಾಣೆಯಾಗುತ್ತವೆ. ನಿಮ್ಮ ಮೂರನೆಯ ಪ್ರಶ್ನೆಗೂ ಇದಕ್ಕೂ ನಂಟಿದೆ, ಅದನ್ನು ಬಲ್ಲವರು ಹೇಳಲಿ.

ಹಳೆಯ ಋತುಗಳ ಮಾತು. 1980ರ ದಶಕದ ನಡುಭಾಗದವರೆಗೆ ವೈಡ್ ಮತ್ತು ನೋಬಾಲ್‌ಗಳನ್ನು ಬೌಲರ್‌ನ ಲೆಕ್ಕಕ್ಕೆ ಹಚ್ಚುತ್ತಿರಲಿಲ್ಲ. ಬೈ, ಲೆಗ್‌ಬೈಗಳ ಹಾಗೆ ಅವೂ ಇತರೆಯಲ್ಲಷ್ಟೇ ಸೇರುತ್ತಿದ್ದವು. ಹಾಗಾಗಿ ಆ ಕಾಲದ ಕಾರ್ಡ್‌ಗಳಲ್ಲಿ ಬೌಲರ್‌ಗಳ ರನ್‌ಗೆ ‘ಇತರೆ’ಯ ಇಡೀ ಮೊತ್ತವನ್ನು ಸೇರಿಸಬೇಕು. ನಿಮಗೆ ಬರುತ್ತಿರುವ ಕೊರತೆಯನ್ನು ಆ ಇನಿಂಗ್ಸ್‌ನ ವೈಡ್ ಮತ್ತು ನೋಬಾಲ್ ಮೊತ್ತದ ಜೊತೆ ಹೋಲಿಸಿ ನೋಡಿ, ಸಮವಾಗಿರುತ್ತದೆ. ಒಬ್ಬ ಹಳೆಯ ಬೌಲರ್‌ನ ಸರಾಸರಿಯನ್ನು ಇಂದಿನವರ ಜೊತೆ ಇಟ್ಟು ನೋಡುವಾಗಲೂ ಈ ಬದಲಾವಣೆಯನ್ನು ಮರೆಯಬಾರದು.

ಕಾರ್ಡುಸಂಗ್ರಾಹಕ:

ಬಹಳ ಉಪಕಾರವಾಯಿತು, ಸರ್. ‘ಸಮ್’ ಹಾಕಿದ ಕೂಡಲೇ ಹೆಚ್ಚಿನ ಇನಿಂಗ್ಸ್‌ಗಳು ಸರಿಹೋದವು. ಹಳೆಯ ಕಾರ್ಡ್‌ಗಳ ಕೊರತೆಯೂ ನೀವು ಹೇಳಿದಂತೆ ವೈಡ್, ನೋಬಾಲ್ ಮೊತ್ತಕ್ಕೆ ಸರಿಯಾಗಿ ಹೊಂದುತ್ತದೆ.

ಎರಡು ಸಂಗತಿ ಉಳಿದಿವೆ. ನೋಬಾಲ್‌ಗೆ ಎರಡು ರನ್ ಆದರೆ ಸಂಖ್ಯೆ ಯಾವಾಗಲೂ ಸಮ ಆಗಿರಬೇಕಲ್ಲವೇ? 2017 ಮತ್ತು ಅದಕ್ಕೂ ಹಿಂದಿನ ಕೆಲವು ಚಾಂಪಿಯನ್‌ಷಿಪ್ ಕಾರ್ಡ್‌ಗಳಲ್ಲಿ ಬೆಸ ಸಂಖ್ಯೆ ಬರುತ್ತದೆ. ಇನ್ನೊಂದು, ಒಂದು ಇನಿಂಗ್ಸ್‌ನಲ್ಲಿ ಎಸೆತವಾರು ಮೊತ್ತಕ್ಕಿಂತ ಕಾರ್ಡ್‌ನ ಮೊತ್ತ ಐದು ರನ್ ಹೆಚ್ಚಿದೆ. ಯಾವ ಎಸೆತದಲ್ಲೂ ಆ ಐದು ರನ್ ಕಾಣುವುದಿಲ್ಲ.

ಹುಬ್ಬಳ್ಳಿ ಸ್ಕೋರರ್:

ಬೆಸ ಸಂಖ್ಯೆಗೆ ಕಾರಣ ನಿಯಮ. 2017ರ ಅಕ್ಟೋಬರ್ 1ರಂದು ಕ್ರಿಕೆಟ್ ನಿಯಮ ರೂಪಿಸುವ ಎಂಸಿಸಿ ಕ್ಲಬ್‌ನ ಹೊಸ ನಿಯಮಾವಳಿ ಜಾರಿಗೆ ಬರುವ ಮೊದಲು, ನೋಬಾಲ್ ಎಸೆತ ಬ್ಯಾಟಿಗೆ ತಾಗದೆ ಹೋಗಿ ಬ್ಯಾಟರ್‌ಗಳು ಓಡಿದರೆ ಆ ರನ್ ಕೂಡ ನೋಬಾಲ್ ಇತರೆಯಲ್ಲೇ ಸೇರುತ್ತಿತ್ತು. ದಂಡ 2, ಓಡಿದ್ದು 1, ಒಟ್ಟು ‘ನೋಬಾಲ್ 3’. ಈಗ ಹಾಗಲ್ಲ. ದಂಡ ಮಾತ್ರ ನೋಬಾಲ್, ಓಡಿದ ರನ್ ಸಂದರ್ಭಕ್ಕೆ ತಕ್ಕಂತೆ ಬೈ ಅಥವಾ ಲೆಗ್‌ಬೈ. ಅಂದರೆ 2018ರ ಋತುವಿನಿಂದ ಕೀಪರ್‌ನ ಬೈ ಕಾಲಂಗೆ ಹಿಂದೆ ಬರದಿದ್ದ ಒಂದು ಬಗೆಯ ರನ್ ಬಂದು ಸೇರುತ್ತಿದೆ, ಬೌಲರ್‌ನ ಖಾತೆ ಅಷ್ಟರಮಟ್ಟಿಗೆ ಹಗುರಾಗಿದೆ. ಸಂಖ್ಯೆ ಚಿಕ್ಕದು, ಆದರೆ ಒಂದೊಂದು ರನ್ ತಾಳೆ ನೋಡುವವರಿಗೆ ಅದು ಸಿಕ್ಕೇ ಸಿಗುತ್ತದೆ. ಹಾಳೆಯಲ್ಲಿ 2017ರ ಕೊನೆಗೆ ಒಂದು ಗೆರೆ ಎಳೆದುಬಿಡಿ.

ಆ ಐದು ರನ್ ದಂಡದ ರನ್ ಇರಬೇಕು, ಅಂದರೆ ಒಂದು ತಂಡದ ತಪ್ಪಿಗೆ ಅಂಪೈರ್ ಎದುರಾಳಿಗೆ ಕೊಡುವ ರನ್. ಬ್ಯಾಟಿಂಗ್ ತಂಡಕ್ಕೆ ಕೊಟ್ಟ ದಂಡದ ರನ್ ಆ ಇನಿಂಗ್ಸ್‌ನ ಎಸೆತವೊಂದರ ಹತ್ತಿರವೇ ಸಿಗುತ್ತದೆ. ಫೀಲ್ಡಿಂಗ್ ತಂಡಕ್ಕೆ ಕೊಟ್ಟದ್ದು ಅಲ್ಲಿರುವುದಿಲ್ಲ. ಆ ತಂಡ ಅದಕ್ಕೆ ಹಿಂದೆ ಮುಗಿಸಿದ ಇನಿಂಗ್ಸ್‌ನ ಮೊತ್ತಕ್ಕೆ ಐದು ಸೇರುತ್ತದೆ. ಅವರು ಇನ್ನೂ ಒಂದು ಇನಿಂಗ್ಸ್ ಮುಗಿಸಿಲ್ಲದಿದ್ದರೆ ಮುಂದಿನ ಇನಿಂಗ್ಸ್ ಆರಂಭವಾಗುವುದೇ ಐದರಿಂದ. ಎರಡನೇ ದಿನ ಮುಗಿದ ಇನಿಂಗ್ಸ್‌ನ ಮೊತ್ತ ಮೂರನೇ ದಿನ ಬದಲಾಗಬಹುದು. ಎದುರಾಳಿಯ ಮುಂದಿನ ಇನಿಂಗ್ಸ್‌ನ ಕಡತದಲ್ಲಿ ಹುಡುಕಿ.

ಸ್ಟಂಪ್ ಹಿಂದೆ:

ಕಾಲೇಜು ತಂಡಕ್ಕೆ ಕೀಪಿಂಗ್ ಮಾಡಿದವಳು ನಾನು, ಮೂರನೆಯ ಪ್ರಶ್ನೆಗೆ ಉತ್ತರಿಸದೆ ಇರಲಾರೆ. ಬೈ ಕಾಲಂ ಕೀಪರ್ ಮಾಡಿದ ತಪ್ಪುಗಳ ಪಟ್ಟಿ ಎಂದುಕೊಳ್ಳುವುದರಲ್ಲೇ ತೊಂದರೆ ಇದೆ. ಎಲ್ಲಿ ನಿಂತಿದ್ದರು ಎಂಬುದನ್ನು ಆ ಕಾಲಂ ಹೇಳುವುದಿಲ್ಲ. ಮಧ್ಯಮ ವೇಗಿಗೆ ಹದಿನೈದು ಹೆಜ್ಜೆ ಹಿಂದೆ ನಿಂತರೆ ಬೈ ಕಡಿಮೆಯಾಗುತ್ತದೆ, ಸ್ಟಂಪಿಂಗ್ (ಕ್ರೀಸ್ ಬಿಟ್ಟ ಬ್ಯಾಟರ್‌ನನ್ನು ಬೇಲ್ಸ್ ಕೆಡವಿ ಔಟ್ ಮಾಡುವುದು) ಇಲ್ಲವಾಗುತ್ತದೆ, ಬ್ಯಾಟರ್ ಕ್ರೀಸ್ ಬಿಟ್ಟು ಮುಂದೆ ಬಂದು ಆಡುತ್ತಾರೆ. ಸ್ಟಂಪ್‌ಗೆ ಅಂಟಿ ನಿಂತರೆ ನಾಲ್ಕೆಂಟು ಬೈ ಹೋಗಬಹುದು, ಆದರೆ ಬ್ಯಾಟರ್ ಕ್ರೀಸ್‌ನೊಳಗೇ ಕಟ್ಟಿಬೀಳುತ್ತಾರೆ. ಆ ಲಾಭ ಬೌಲರ್‌ನ ಹೆಸರಿಗೆ ಬರೆಯಲ್ಪಡುತ್ತದೆ, ನಷ್ಟ ಕೀಪರ್‌ನ ಹೆಸರಿಗೆ. 2000ದಲ್ಲಿ ಗ್ಲಾಸ್ಟರ್‌ಷೈರ್ ಇಂಗ್ಲೆಂಡಿನ ಮೂರೂ ಏಕದಿನ ಪ್ರಶಸ್ತಿಗಳನ್ನು ಗೆದ್ದಾಗ ಮಧ್ಯಮ ವೇಗಿಗಳಿಗೆ ಅದರ ಕೀಪರ್ ಜ್ಯಾಕ್ ರಸೆಲ್ ಸ್ಟಂಪ್ ಹತ್ತಿರ ನಿಲ್ಲುತ್ತಿದ್ದುದು ಆ ತಂಡದ ದೊಡ್ಡ ಅಸ್ತ್ರವಾಗಿತ್ತು. ಆ ಒತ್ತಡಕ್ಕೆ ಸ್ಕೋರ್‌ಕಾರ್ಡ್‌ನಲ್ಲಿ ಜಾಗವೇ ಇಲ್ಲ.

ಅದೇ ರಸೆಲ್ 2002ರಲ್ಲಿ ಬ್ರಿಸ್ಟಲ್‌ನಲ್ಲಿ ನಾರ್ಥಾಂಪ್ಟನ್‌ಷೈರ್ 9 ವಿಕೆಟ್‌ಗೆ 746 ರನ್ ಗಳಿಸಿ ಡಿಕ್ಲೇರ್ ಮಾಡಿಕೊಂಡಾಗ ಒಂದು ಬೈ ಕೂಡ ಕೊಡಲಿಲ್ಲ. ಎರಡನ್ನೂ ಮಾಡಬಲ್ಲ ಕೀಪರ್ ಅಪರೂಪ. ಅಂಥವರನ್ನು ಗುರುತಿಸಲಾಗದ ಪಟ್ಟಿ ನನಗಂತೂ ಬೇಡ.

ಬೌಲರ್ ಯಾರು ಎಂಬುದೂ ಅಷ್ಟೇ ಮುಖ್ಯ. ಕೀಪರ್ ಲೆಸ್ ಏಮ್ಸ್ ಅವರ ಪ್ರಥಮದರ್ಜೆ ಲೆಕ್ಕದಲ್ಲಿ 1,121 ಬಲಿಗಳಿವೆ (ಕ್ಯಾಚ್, ಸ್ಟಂಪಿಂಗ್ ಎರಡೂ ಸೇರಿ), ಅದರಲ್ಲಿ 418 ಸ್ಟಂಪಿಂಗ್. 1932ರ ಒಂದೇ ಋತುವಿನಲ್ಲಿ 64 ಸ್ಟಂಪಿಂಗ್ ಮಾಡಿದರು. ಡರ್ಬಿಷೈರ್‌ನ ಬಾಬ್ ಟೇಲರ್ ಅವರದು 1,649 ಬಲಿ, ಆದರೆ ಸ್ಟಂಪಿಂಗ್ 176 ಮಾತ್ರ. ಕೈಚಳಕದಲ್ಲಿ ಟೇಲರ್ ಕಡಿಮೆ ಎಂದು ಕೀಪಿಂಗ್ ನೋಡಿದ ಯಾರೂ ಹೇಳುವುದಿಲ್ಲ. ಏಮ್ಸ್ ಕೀಪಿಂಗ್ ಮಾಡುತ್ತಿದ್ದ ಕೆಂಟ್ ಕೌಂಟಿಯಲ್ಲಿ ಲೆಗ್‌ಸ್ಪಿನ್ ಹಾಕುತ್ತಿದ್ದವರು ಟಿಚ್ ಫ್ರೀಮನ್, 1928ರ ಒಂದೇ ಋತುವಿನಲ್ಲಿ 304 ವಿಕೆಟ್ ಪಡೆದವರು. ಬ್ಯಾಟರ್‌ಗಳು ಮುಂದೆ ನುಗ್ಗಿ ಬರುತ್ತಿದ್ದರು, ಏಮ್ಸ್ ಬೇಲ್ಸ್ ಎಗರಿಸುತ್ತಿದ್ದರು. ಸ್ಪಿನ್ ಓವರ್‌ಗಳೆಷ್ಟು, ವೇಗದ ಓವರ್‌ಗಳೆಷ್ಟು ಎಂದು ಬೇರ್ಪಡಿಸದೆ ಇಬ್ಬರನ್ನು ಒಂದೇ ಸಾಲಿನಲ್ಲಿ ನಿಲ್ಲಿಸುವುದು ಇಬ್ಬರಿಗೂ ಅನ್ಯಾಯ.

ಹುಬ್ಬಳ್ಳಿಯ ಸರ್ ಹೇಳಿದ ಐದು ವೈಡ್‌ಗಳನ್ನೂ ನೋಡಿ. ಲೆಗ್ ಕಡೆ ಹೋದ ಎಸೆತವನ್ನು ಡೈವ್ ಮಾಡಿ ತಡೆದ ಕೀಪರ್ ನಾಲ್ಕು ರನ್ ಉಳಿಸುತ್ತಾರೆ, ಅದು ಎಲ್ಲೂ ದಾಖಲಾಗುವುದಿಲ್ಲ. ತಡೆಯದಿದ್ದರೂ ಬೈ ಕಾಲಂ ಶುಭ್ರವಾಗಿಯೇ ಇರುತ್ತದೆ. ನಿಮ್ಮ ಬಳಿ ಎಸೆತವಾರು ಕಡತ ಇರುವುದರಿಂದ ಎರಡು ಅಥವಾ ಹೆಚ್ಚು ರನ್ ಬಂದ ವೈಡ್‌ಗಳನ್ನು ಬೇರೆ ಕಾಲಂಗೆ ತೆಗೆಯಿರಿ. ನನ್ನ ಮಟ್ಟಿಗೆ ಬೈಗಿಂತ ಅದೇ ಹೆಚ್ಚು ಹೇಳುತ್ತದೆ.

ಲೀಸ್ಟರ್ ಕನ್ನಡಿಗ:

ಇಲ್ಲಿನ ಮೈದಾನಗಳಲ್ಲಿ ಆಟ ನೋಡುವವನಾಗಿ ಒಂದು ಮಾತು ಸೇರಿಸುತ್ತೇನೆ. ಇಂಗ್ಲೆಂಡಿನಲ್ಲಿ ಚೆಂಡು ಬ್ಯಾಟನ್ನು ದಾಟಿದ ಮೇಲೂ ಗಾಳಿಯಲ್ಲಿ ತೂಗುತ್ತದೆ. ಕೀಪರ್ ಕೈಚಾಚಿದ ಕೊನೆಯ ಕ್ಷಣದಲ್ಲಿ ದಿಕ್ಕು ಬದಲಿಸುವುದನ್ನು ಬೌಂಡರಿ ಪಕ್ಕದಲ್ಲಿ ಕೂತವರೂ ಕಾಣಬಹುದು. ಲಾರ್ಡ್ಸ್ ಮೈದಾನಕ್ಕಂತೂ ಒಂದು ಬದಿಯಿಂದ ಇನ್ನೊಂದು ಬದಿಗೆ ಸುಮಾರು ಎರಡೂವರೆ ಮೀಟರ್ ಇಳಿಜಾರಿದೆ. ಮಿಡ್ಲ್‌ಸೆಕ್ಸ್‌ನ ಜಾನ್ ಮರ್ರೆ ಅದನ್ನೇ ತವರು ಮಾಡಿಕೊಂಡು 1,527 ಬಲಿ ಪಡೆದವರು. ಅಲ್ಲಿಗೆ ಅಪರೂಪಕ್ಕೆ ಬರುವ ಕೀಪರ್ ಒಂದು ಪಂದ್ಯದಲ್ಲಿ ಕೊಟ್ಟ ಬೈಗಳನ್ನು ಹಿಡಿದು ತೀರ್ಪು ಕೊಡಬೇಡಿ. ಮೈದಾನದ ಹೆಸರಿಗೆ ಒಂದು ಕಾಲಂ ಇರಲಿ, ಆ ಪಂದ್ಯದಲ್ಲಿ ಎದುರಾಳಿ ಕೀಪರ್ ಕೊಟ್ಟ ಬೈಗೆ ಇನ್ನೊಂದು. ಅದೇ ಪಿಚ್, ಅದೇ ಹವಾಮಾನ. ಹೋಲಿಸಲು ಅದಕ್ಕಿಂತ ಒಳ್ಳೆಯ ಅಳತೆ ಸಿಗುವುದಿಲ್ಲ.

ಇನ್ನೊಂದು ಎಚ್ಚರಿಕೆ: ಆ ಹೊತ್ತಿಗೆ ಕೀಪಿಂಗ್ ಮಾಡುತ್ತಿದ್ದವರು ಯಾರು ಎಂದು ಖಚಿತ ಮಾಡಿಕೊಳ್ಳಿ. ಕಾರ್ಡ್‌ನಲ್ಲಿ ಹೆಸರಿನ ಪಕ್ಕದಲ್ಲಿ ಕೀಪರ್‌ನನ್ನು ಸೂಚಿಸುವ ಕಠಾರಿ (†) ಚಿಹ್ನೆ ಇಡೀ ಪಂದ್ಯದ ಕಥೆ ಹೇಳುವುದಿಲ್ಲ. 2017ರ ನಿಯಮಾವಳಿಯ ನಂತರ ಅಂಪೈರ್‌ಗಳ ಒಪ್ಪಿಗೆಯಿದ್ದರೆ ಬದಲಿ ಆಟಗಾರ ಕೂಡ ಕೀಪಿಂಗ್ ಮಾಡಬಹುದು. ಚಾಂಪಿಯನ್‌ಷಿಪ್‌ನಲ್ಲಿ ಪಂದ್ಯದ ನಡುವೆ ಇಂಗ್ಲೆಂಡ್ ತಂಡದ ಕರೆ ಬಂದು ಆಟಗಾರ ಬದಲಾಗುವುದೂ ಉಂಟು. ನಿಮ್ಮ 1995ರ ಹಾಳೆಯಲ್ಲೇ ನೋಡಿ: ರಸೆಲ್ ಆ ಬೇಸಿಗೆಯ ಓಲ್ಡ್ ಟ್ರಾಫರ್ಡ್ ಟೆಸ್ಟ್‌ನಿಂದ ಇಂಗ್ಲೆಂಡ್ ತಂಡಕ್ಕೆ ಮರಳಿದರು. ಆ ದಿನಗಳಲ್ಲಿ ಶ್ರೀನಾಥ್ ಬೌಲಿಂಗ್‌ಗೆ ಹಿಂದೆ ನಿಂತವರು ರಸೆಲ್ ಅಲ್ಲ.

ಒಟ್ಟು ಕ್ಯಾಚ್‌ಗಳನ್ನೂ ಹಾಗೆಯೇ ಒಡೆದು ನೋಡಬೇಕು. ಸರ್ರೆಯ ಅಲೆಕ್ ಸ್ಟುವರ್ಟ್ 1989ರಲ್ಲಿ ಲೀಸ್ಟರ್‌ಷೈರ್ ವಿರುದ್ಧ ಒಂದೇ ಪಂದ್ಯದಲ್ಲಿ 11 ಕ್ಯಾಚ್ ಹಿಡಿದ ಕೀಪರ್. ಆದರೆ ಅವರ 133 ಟೆಸ್ಟ್‌ಗಳಲ್ಲಿ ಕೀಪಿಂಗ್ ಮಾಡಿದ್ದು 82ರಲ್ಲಿ. ಟೆಸ್ಟ್‌ನ 263 ಕ್ಯಾಚ್‌ಗಳ ಪೈಕಿ 36 ಕೀಪಿಂಗ್ ಇಲ್ಲದೆ ಫೀಲ್ಡಿಂಗ್‌ನಲ್ಲಿ ಹಿಡಿದವು. ಕೌಂಟಿ ಲೆಕ್ಕದಲ್ಲೂ ಇಂಥವರು ಹಲವರಿದ್ದಾರೆ.

ಕಾರ್ಡುಸಂಗ್ರಾಹಕ:

ಐದು ರನ್ ಸಿಕ್ಕಿತು. ಎದುರಾಳಿಯ ಮುಂದಿನ ಇನಿಂಗ್ಸ್‌ನಲ್ಲೇ ದಂಡ ವಿಧಿಸಿದ ಟಿಪ್ಪಣಿ ಇದೆ. ಈಗ ಎಲ್ಲ ಮೊತ್ತಗಳೂ ಕೂಡುತ್ತವೆ.

ಕೀಪರ್ ಪಟ್ಟಿಯನ್ನು ಒಂದೇ ಸಂಖ್ಯೆಯಿಂದ ಶ್ರೇಣಿ ಮಾಡುವುದನ್ನು ಕೈಬಿಡುತ್ತಿದ್ದೇನೆ. ಬೈಗಳನ್ನು ಸ್ಪಿನ್ ಮತ್ತು ವೇಗಕ್ಕೆ ಬೇರೆಬೇರೆಯಾಗಿ ಹಾಕುತ್ತೇನೆ, ಎದುರಾಳಿ ಕೀಪರ್‌ನ ಬೈ ಪಕ್ಕದಲ್ಲಿರುತ್ತದೆ, ಓಡಿದ ವೈಡ್‌ಗಳಿಗೆ ಪ್ರತ್ಯೇಕ ಕಾಲಂ. ಲೆಗ್‌ಬೈ ಯಾರ ಹೆಸರಿಗೂ ಇಲ್ಲ. ಒಂದು ಸಂದೇಹ ಮಾತ್ರ ಉಳಿಯಿತು: ಕೀಪರ್ ಹಿಂದೆ ನೆಲದ ಮೇಲಿಟ್ಟ ಹೆಲ್ಮೆಟ್‌ಗೆ ಚೆಂಡು ಬಡಿದರೆ ಅದನ್ನು ಬೈ ಎಂದು ಎಣಿಸಬೇಕೇ?

ಹುಬ್ಬಳ್ಳಿ ಸ್ಕೋರರ್:

ಇಲ್ಲ. ಚೆಂಡು ಅಲ್ಲಿಗೆ ನಿಲ್ಲುತ್ತದೆ, ಬ್ಯಾಟಿಂಗ್ ತಂಡಕ್ಕೆ ಐದು ದಂಡದ ರನ್ ಬರುತ್ತದೆ. ಅಷ್ಟರಲ್ಲಿ ಬ್ಯಾಟರ್‌ಗಳು ಓಡಿ ಮುಗಿಸಿದ ರನ್ ಇದ್ದರೆ ಅದು ಮಾತ್ರ ಬೈ. ಕಾರ್ಡ್‌ನಲ್ಲಿ ಐದು ರನ್ ದಂಡದ ಸಾಲಿನಲ್ಲೇ ಇರುತ್ತದೆ, ಬೌಲರ್ ಖಾತೆಗೂ ಹೋಗುವುದಿಲ್ಲ. ಕೀಪರ್ ಕೈತಪ್ಪಿದ ಚೆಂಡು ಎಂದು ನೆನಪಿಡಬೇಕೆನಿಸಿದರೆ ಪಕ್ಕದಲ್ಲಿ ಟಿಪ್ಪಣಿ ಬರೆಯಿರಿ, ಬೈ ಮೊತ್ತಕ್ಕೆ ಸೇರಿಸಬೇಡಿ, ಸೇರಿಸಿದರೆ ಕಾರ್ಡ್ ಮತ್ತೆ ತಾಳೆ ತಪ್ಪುತ್ತದೆ.